ಮೂಲೆಯಲ್ಲಿ ಬಿದ್ದ ಚೆಂಡು

ತಾಯಂದಿರೇ, ಅಣ್ಣಂದಿರೇ, ಒಂದೂರಲ್ಲಿ ಒಬ್ಬಳು ಆಟಗಾರ್ತಿ ಇದ್ದಳು. ಟೆನಿಸ್ ಆಡುವವಳು. ಶ್ರೀಮಂತಳೇ ಅನ್ನಿ, ಅವಳ ಐಶ್ವರ್ಯವೆಂದರೆ ಗೆಲುವು. ಒಂಬತ್ತು ವರ್ಷ ರಾಜ್ಯದ ಮಹಿಳಾ ಪ್ರಶಸ್ತಿ ಅವಳ ಮನೆ ಬಿಟ್ಟು ಕದಲಲಿಲ್ಲ. ಅಂಗೈಯ ಬೊಬ್ಬೆ ಒಡೆದರೂ ಬಟ್ಟೆ ಸುತ್ತಿಕೊಂಡು ಆಡಿದವಳು. ಯಾರೂ ಅವಳಿಗೆ ಪುಕ್ಕಟೆ ಏನೂ ಕೊಟ್ಟಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಗೊತ್ತೇ? ತಪ್ಪು ಮಾಡುವವರೆಲ್ಲ ಕೆಟ್ಟವರು ಎಂದು ನಾವು ತಿಳಿದಿರುತ್ತೇವೆ. ನಾವು ಕೆಟ್ಟವರಲ್ಲವಲ್ಲ ಎಂದು ನೆಮ್ಮದಿಯಾಗಿ ಮಲಗುತ್ತೇವೆ.

ಹತ್ತನೆಯ ವರ್ಷ. ಮೊದಲ ಸುತ್ತು. ಎದುರಿಗೆ ಗದಗಿನ ಕಡೆಯ ಹದಿನಾರರ ಹುಡುಗಿ. ಈ ಒಂದು ಪಂದ್ಯ ಗೆದ್ದರೆ ಅವಳಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ. ಸೋತರೆ ಆಟ ಅಲ್ಲಿಗೆ ಮುಗಿಯಿತು, ಮನೆಯಲ್ಲಿ ಹಾಗೆ ಹೇಳಿಯೇ ಕಳಿಸಿದ್ದರು. ಆಡುವ ಮುಂಚೆ ಇದನ್ನೆಲ್ಲ ತಾನೇ ಹೇಳಿ ನಕ್ಕಿದ್ದಳು. "ನಿಮ್ಮ ಕೈಯಾಗ ಸೋತು ಊರಿಗೆ ಹೋದ್ರೂ ಮರ್ಯಾದಿನಽ ಬಿಡ್ರಿ ಅಕ್ಕಾರ!"

ಮೊದಲ ಸುತ್ತಿಗೆ ಅಂಪೈರ್ ಇರುವುದಿಲ್ಲ. ನಿಮ್ಮ ಕಡೆ ಬಿದ್ದ ಚೆಂಡು ಗೆರೆಯ ಒಳಗೋ ಹೊರಗೋ, ನೀವೇ ಹೇಳಬೇಕು. ನೋಡಿ, ಎಂಥ ನಿಯಮ! ಕಳೆದುಕೊಳ್ಳುವವರೇ ನ್ಯಾಯ ಹೇಳಬೇಕು.

ಕೊನೆಯ ಸೆಟ್ ಸಮಸಮವಾಗಿ ಟೈಬ್ರೇಕಿಗೆ ಬಂದಿತ್ತು, ಗೆಲ್ಲಲು ಹುಡುಗಿಗೆ ಇನ್ನೊಂದೇ ಅಂಕ ಬೇಕಿತ್ತು. ಅವಳು ಬೀಸಿ ಹೊಡೆದ ಚೆಂಡು ಚಾಂಪಿಯನ್ನಳ ಹಿಂದಿನ ಮೂಲೆಯಲ್ಲಿ ಬಿತ್ತು. ಚಾಂಪಿಯನ್ನಳ ಬೆರಳು ಮೇಲೆದ್ದಿತು. "ಔಟ್."

"ಅಕ್ಕಾರ, ಒಮ್ಮೆ ಗುರ್ತು ನೋಡ್ರಿ."

ಅದು ಕೆಂಪು ಮಣ್ಣಿನ ಅಂಕಣ. ಚೆಂಡು ಬಿದ್ದಲ್ಲಿ ಗುರುತು ಮೂಡುತ್ತದೆ. ಚಾಂಪಿಯನ್ ಹೋಗಿ ಬಗ್ಗಿದಳು. ಗುರುತು ಬಿಳಿ ಗೆರೆಯನ್ನು ಮುಟ್ಟಿತ್ತು, ಗೆರೆ ಮುಟ್ಟಿದರೆ ಒಳಗೆಂದೇ ಲೆಕ್ಕ. ಗೆರೆಯಾಚೆ ನಾಲ್ಕು ಬೆರಳು ದೂರದಲ್ಲಿ, ಮೊದಲೆಂದೋ ಬಿದ್ದ ಇನ್ನೊಂದು ಚೆಂಡಿನ ಗುರುತಿತ್ತು. ಒಂಬತ್ತು ವರ್ಷಗಳ ಗೆಲುವು ಅವಳ ಬೆನ್ನ ಹಿಂದೆ ನಿಂತು ನೋಡುತ್ತಿತ್ತು. ರಾಕೆಟ್ ಚಾಚಿ, ಆ ಇನ್ನೊಂದನ್ನು ತೋರಿಸಿದಳು.

"ನೀವು ಅಂದ ಮ್ಯಾಲೆ ಮುಗೀತ ಬಿಡ್ರಿ," ಎಂದಳು ಹುಡುಗಿ. ಬಂದು ನೋಡಲೂ ಇಲ್ಲ.

ಆಮೇಲಿನ ಎರಡೇ ಅಂಕಗಳಲ್ಲಿ ಪಂದ್ಯ ಮುಗಿಯಿತು. ಗೆದ್ದವಳು ಯಾರು, ಹೇಳಬೇಕೇ?

ಆಡಿದವರೇ ಅಂಕಣದ ಮೇಲೆ ಚಾಪೆ ಎಳೆದು, ಗುರುತುಗಳನ್ನು ಅಳಿಸಿ, ಮುಂದಿನವರಿಗೆ ಬಿಟ್ಟುಕೊಡುವುದು ಅಲ್ಲಿನ ಪದ್ಧತಿ. "ನೀವು ಕೂಡ್ರಿ ಅಕ್ಕಾರ, ನಿಮ್ಮ ಕಡೀದೂ ನಾನಽ ಎಳೀತೀನಿ," ಎಂದು ಹುಡುಗಿ ಹಗ್ಗ ಹಿಡಿದು ಹೊರಟಳು. ಚಾಂಪಿಯನ್ ಬೆಂಚಿನ ಮೇಲೆ ಕೂತಳು. ಹೇಳಿಬಿಡಬೇಕು ಅನ್ನಿಸಿತು. ಫಲಿತಾಂಶ ಇನ್ನೂ ಬರೆಸಿರಲಿಲ್ಲ, ಹೇಳಿದ್ದರೆ ಆಗುತ್ತಿತ್ತು. ಚಾಪೆಯ ಈ ಸುತ್ತು ಮುಗಿಯಲಿ, ಹೇಳೋಣ. ಇನ್ನೊಂದು ಸುತ್ತು ಮುಗಿಯಲಿ, ಹೇಳೋಣ. ನೀರು ಕುಡಿದಳು. ಶೂ ದಾರ ಬಿಚ್ಚಿ ಮತ್ತೆ ಕಟ್ಟಿದಳು. ಚಾಪೆ ಮೂಲೆಗೆ ಹೋಗಿ ಬಂತು. ಅಂಕಣ ಸಾರಿಸಿದ ನೆಲದಂತಾಯಿತು.

ಹತ್ತನೆಯ ಕಪ್ ಮನೆಗೆ ಬಂತು. ಹನ್ನೊಂದನೆಯದೂ ಬಂತು. ಸನ್ಮಾನ, ಶಾಲು, ಹಾರ. ಹಾರಕ್ಕೆಂದು ತಲೆ ಬಗ್ಗಿಸಿದಾಗೆಲ್ಲ ಅವಳಿಗೆ ಕಾಣುತ್ತಿದ್ದದ್ದು ಆ ಮೂಲೆ.

ಆಟ ಬಿಟ್ಟ ವರ್ಷ ಹುಡುಕಿಕೊಂಡು ಹೋದಳು. ಆ ಹುಡುಗಿ ಈಗ ಗಂಡನ ಹಿಟ್ಟಿನ ಗಿರಣಿಯಲ್ಲಿದ್ದಳು, ಮೊಣಕೈವರೆಗೂ ಹಿಟ್ಟು.

"ಅವತ್ತಿನ ಚೆಂಡು ಒಳಗೇ ಬಿದ್ದಿತ್ತು, ತಂಗೀ."

ಅವಳು ಗಿರಣಿ ನಿಲ್ಲಿಸಿದಳು. "ಗೊತ್ತೈತ್ರಿ. ಚಾಪಿ ಎಳಿಯೋವಾಗ ನೋಡಿದ್ನಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಆ ಮೂಲಿ ಬಿಟ್ಟು ಎರಡು ಸುತ್ತು ಹೊಡದ್ನಿ ಅಕ್ಕಾರ. ನೀವಽ ಎದ್ದು ಬರ್ತೀರೇನೋ ಅಂತ."

ಬಂಧುಗಳೇ, ಅವಳು ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು!

ಈಗ ನಮ್ಮ ಮನೆಗೆ ಬನ್ನಿ. ಅಲ್ಲಿ ಅಂಪೈರ್ ಇದ್ದಾನೆಯೇ? ಸೊಸೆಯ ಮೇಲೆ ಹೊರಿಸಿದ ಮಾತು ಸುಳ್ಳೆಂದು ಅತ್ತೆಗೆ ಮಾತ್ರ ಗೊತ್ತು. ತನ್ನ ತಪ್ಪಿಗೆ ಕೈಕೆಳಗಿನವನು ಬೈಸಿಕೊಂಡನೆಂದು ಸಾಹೇಬನಿಗೆ ಮಾತ್ರ ಗೊತ್ತು. ಹಾಗೆ ಅಂದುಕೊಂಡಿದ್ದೇವೆ. ಅವರಿಗೂ ಗೊತ್ತಿದೆ! ಗೊತ್ತಿದ್ದೂ ಸುಮ್ಮನಿದ್ದಾರೆ, ನಾವು ಎದ್ದು ಬರಲಿ ಎಂದು. ಅವರ ಮೌನವನ್ನು ಮರೆವು ಎಂದು ತಿಳಿಯಬೇಡಿ.

ತಪ್ಪೊಪ್ಪಿಕೊಳ್ಳಲು ಹಬ್ಬ ಬರಲಿ, ಒಳ್ಳೆಯ ದಿನ ಬರಲಿ ಎಂದು ಕಾಯಬೇಡಿ. ಇಂದು ಮನೆಗೆ ಹೋಗಿ ಕೈಕಾಲು ತೊಳೆಯಿರಿ. ದೇವರ ಮುಂದೆ ಕೂರುವ ಮೊದಲು ಅವರ ಮುಂದೆ ಹೋಗಿ ನಿಲ್ಲಿ. "ತಪ್ಪು ನನ್ನದು." ಎರಡೇ ಮಾತು, ಅಷ್ಟು ಸಾಕು. ದೀಪ ಆಮೇಲೆ ಹಚ್ಚಿದರಾಯಿತು.