ಧಾರವಾಡದಿಂದ ಬಂದ ಮಾತು

1996ರ ಒಂದು ಶುಕ್ರವಾರ, ಕುವೈತಿನ ಫಿಂಟಾಸ್‌ನ ಬಸ್ ಸ್ಟಾಪಿನಲ್ಲಿ ನಿಂತಿದ್ದ ನರ್ಸ್ ವೈಲೆಟ್‌ಗೆ ಪಕ್ಕದಲ್ಲೇ ಕನ್ನಡ ಕೇಳಿಸಿತು. ಅರಬರ ಮನೆಯಲ್ಲಿ ಕೆಲಸಕ್ಕಿದ್ದ ಕಾಳವ್ವ, ರಜೆ ಮುಗಿಸಿ ಊರಿನಿಂದ ಬಂದ ಎಲೆಕ್ಟ್ರಿಷಿಯನ್ ಬಸಲಿಂಗಯ್ಯನನ್ನು ವಿಚಾರಿಸುತ್ತಿದ್ದಳು.

“ನನ್ನ ಮಗಳು ಸಿಕ್ಕಿದ್ಲೇನಣ್ಣಾ?”

“ಹೂಂ, ಧಾರವಾಡದ ಹಾಸ್ಟೆಲಿಗೇ ಹೋಗಿದ್ದೆ. ನಿನಗಿಂತ ಎತ್ತರ ಆಗ್ಯಾಳ.”

“ಏನಂದ್ಲು?”

“ಕಾಲೇಜು ಸಾಕು, ಅವ್ವನ್ನ ಕಳಿಸಿಕೊಡ್ರಿ ಅಂದ್ಲು. ಇಬ್ಬರೂ ಅಪ್ಪನ ಜೋಡಿ ಹೊಲದಾಗ ದುಡೀತೀವಿ ಅಂದ್ಲು.”

ಕಾಳವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ನಮ್ಮ ಹೊಲದ ಜೋಳ ಹೊಟ್ಟಿಗೆ ಸಾಕಾಗ್ತದ, ಓದಿಗೆ ಸಾಕಾಗೂದಿಲ್ಲ. ಆಕಿ ಟೀಚರ್ ಆಗಲಿ, ಆಮ್ಯಾಲೆ ಬರ್ತೀನಿ.”

“ನಿನಗ ಹೋಗಬೇಕು ಅನಸೂದಿಲ್ಲೇನವಾ?”

“ದಿನಾ ಈ ಅರಬರ ಮನಿ ಹುಡುಗಿಗೆ ಜಡಿ ಹಾಕ್ತೀನಣ್ಣಾ. ಕೈಯಾಗಿರೂದು ನಮ್ಮಾಕಿ ಕೂದಲಾನೇ ಅನಸ್ತದ.”

ಬಸ್ಸು ಬಂತು. ಕಾಳವ್ವ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದಳು.

“ನಕ್ಕರ ಆಕಿ ಕೆನ್ನಿಗೆ ಕುಣಿ ಇನ್ನೂ ಬೀಳ್ತಾವೇನು?”

“ಬೀಳ್ತಾವವ್ವಾ, ನೀ ಹತ್ತು.”

ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ಬಸಲಿಂಗಯ್ಯ ನೋಡುತ್ತ ನಿಂತ.

“ಆ ಹುಡುಗಿ ನಗಲೇ ಇಲ್ಲ,” ಎಂದು ತನಗೆ ತಾನೇ ಅಂದುಕೊಂಡು, ರಸ್ತೆ ದಾಟಿ ಹೋದ.