ನಲವತ್ತನೇ ತಟ್ಟೆ

ಕೊನೇ ಬಸ್ಸು ನಮ್ಮನ್ನು ಚರ್ಚಿನ ತಿರುವಿನಲ್ಲಿ ಇಳಿಸಿ ಹೋದಾಗ ರಾತ್ರಿ ಹತ್ತೂವರೆ. ಅಲ್ಲಿಂದ ಮನೆಗೆ ಏತದ ಬಾವಿ ದಾಟಿ ನಡೀಬೇಕು. ನಾನು, ನನ್ನ ದೊಡ್ಡಮ್ಮನ ಮಗಳು ಸಾಂಡಾ. ಕಾಲಡಿ ಹಿಮ ಕರಕರ ಅಂತಿತ್ತು. ಅವಳ ಚೀಲದಲ್ಲಿ ಸಬ್ಬಸಿಗೆ ಸೊಪ್ಪು ಹಾಕಿದ ಕೋಳಿ ಸಾರಿನ ಜಾಡಿ… ಬೆಳಿಗ್ಗೆ ಹೇಗೆ ತುಂಬಿಕೊಂಡು ಹೋಗಿದ್ದಳೋ ಹಾಗೇ ವಾಪಸ್.

ದೊಡ್ಡಮ್ಮ ಪರಸ್ಕೀವಾಗೆ ಎಂಬತ್ತೊಂದು. ನ್ಯುಮೋನಿಯಾ ಆಗಿ, ಪಟ್ಟಣದ ಆಸ್ಪತ್ರೆಯ ಐಸಿಯುನಲ್ಲಿ ಹನ್ನೊಂದು ದಿನದಿಂದ ಇದ್ದಳು. ಉಸಿರಿಗೆ ಯಂತ್ರ, ಊಟಕ್ಕೆ ಮೂಗಿನಲ್ಲಿ ಪೈಪು. ಉಸಿರು ಹೇಗೋ ನಡೀತಿತ್ತು. ಊಟ ಹೊಟ್ಟೇಲಿ ನಿಲ್ಲುತ್ತಿರಲಿಲ್ಲ. ಬಿಳೀ ದ್ರಾವಣ ಹನಿಹನಿಯಾಗಿ ಬಿಡೋರು. ನಾಲ್ಕು ಗಂಟೆಗೊಮ್ಮೆ ನರ್ಸ್ ಒಟೀಲಿಯಾ ಪೈಪಿಗೆ ದಪ್ಪ ಸಿರಿಂಜು ಹಚ್ಚಿ ಎಳೆದು ನೋಡೋಳು… ಕೊಟ್ಟದ್ದೆಲ್ಲ ಹಾಗೇ ಹೊರಗೆ ಬರೋದು. ರಕ್ತನಾಳದಲ್ಲಿ ಕೊಟ್ಟರೆ ಜ್ವರ ಏರೋದು.

"ಹೊಟ್ಟೆ ಮಲಗಿಬಿಟ್ಟಿದೆ," ಅಂದರು ಡಾಕ್ಟರು. "ಮೈ ತನ್ನನ್ನೇ ತಿಂತಾ ಇದೆ. ಇನ್ನೊಂದು ವಾರ…"

ಸಾಂಡಾ ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ದಿನಾ ಮುನ್ನೂರು ಮಕ್ಕಳಿಗೆ ಬಡಿಸಿದವಳು. ಹೆತ್ತ ತಾಯಿಗೆ ಒಂದು ಚಮಚ ಹಾಕೋಕಾಗಲಿಲ್ಲ.

ಬಾವಿಯ ಹತ್ತಿರ ನಿಂತಳು. ಗಾಳಿ ಇರಲಿಲ್ಲ. ಆದರೂ ಏತದ ಮರ ಅಲ್ಲಾಡಿತು. ಕಿರ್ರ್… ಟಕ್.

"ಸತ್ತೋರಿಗೆ ಎಡೆ ಕೊಡ್ತೀವಲ್ಲ," ಅಂತ ಪಿಸುಗುಟ್ಟಿದಳು. "ನೆರೆಮನೆಯೋರು ಉಂಡರೆ ಆಚೇ ಲೋಕದೋರಿಗೆ ಮುಟ್ಟುತ್ತೆ. ಅಷ್ಟು ದೂರ ಮುಟ್ಟೋದು, ಇಪ್ಪತ್ತು ಕಿಲೋಮೀಟರಿಗೆ ಮುಟ್ಟಲ್ವೇನೋ?"

"ಅಕ್ಕ… ದೊಡ್ಡಮ್ಮ ಇನ್ನೂ ಬದುಕಿದಾಳೆ."

"ಅದಕ್ಕೇ ಕಣೋ. ಬದುಕಿರೋರಿಗೆ ಹಸಿವು ಜಾಸ್ತಿ."

ಆ ರಾತ್ರಿಯೇ ಸಾರು ಬಿಸಿ ಮಾಡಿ, ತಟ್ಟೆ ಅಂಚಿಗೆ ಮೇಣದಬತ್ತಿ ಅಂಟಿಸಿ, ಪಕ್ಕದ ಮನೆ ಟಿಂಕಾಜ್ಜಿ ಬಾಗಿಲು ತಟ್ಟಿದಳು. ಹಿಂದೆ ನಾನು.

ಅಜ್ಜಿ ಮೇಣದಬತ್ತಿ ನೋಡಿ ಶಿಲುಬೆ ಗುರುತು ಹಾಕಿಕೊಂಡಳು. "ಯಾವಾಗ ಹೋದಳು?"

"ಹೋಗಿಲ್ಲ. ಹೋಗಬಾರದು ಅಂತಲೇ ಕೊಡ್ತಿರೋದು."

"ಜೀವ ಇರೋಳ ಎಡೆ ತಿನ್ನೋಕೆ ನಾನೇನು ಕಾಗೆನಾ? ನಡಿಯೇ."

ಸಾಂಡಾ ಹೊಸ್ತಿಲ ಮೇಲೆ ಕುಸಿದು ಕೂತಳು. ಏಳಲಿಲ್ಲ. ಅಳಲೂ ಇಲ್ಲ. ಅಜ್ಜಿ ಅವಳ ಪಕ್ಕ ಬಗ್ಗಿದಳು. "ನಿನ್ನ ಸಾರಿಗೆ ಯಾವಾಗಲೂ ಉಪ್ಪು ಕಮ್ಮಿ," ಅಂತ ಗೊಣಗಿ ತಟ್ಟೆ ತಗೊಂಡಳು. "ಪರಸ್ಕೀವಾಗೆ ಮುಟ್ಟಲಿ."

ಚಮಚ ತಟ್ಟೆಗೆ ತಾಗಿತು. ಠಣ್… ಆಮೇಲೆ ಒಲೆ ಹಿಂದಿನ ಕತ್ತಲಿಂದ ಬಂತು. ಹುಸ್ಸ್… ಟಪ್. ಹುಸ್ಸ್… ಟಪ್. ಹನ್ನೊಂದು ದಿನ ಐಸಿಯು ಬಾಗಿಲಲ್ಲಿ ಕೂತು ಕೇಳಿದ ಯಂತ್ರದ ಸದ್ದು ಅದು. ಅಜ್ಜಿ ಪೂರಾ ಉಂಡು ಚಮಚ ಕೆಳಗಿಟ್ಟಳು. ಸದ್ದು ನಿಂತುಹೋಯಿತು.

ಬೆಳಿಗ್ಗೆ ಒಟೀಲಿಯಾ ನಮ್ಮನ್ನು ಮೂಲೆಗೆ ಕರೆದಳು. "ರಾತ್ರಿ ಸಿರಿಂಜು ಖಾಲಿ ಬಂತು. ಮೊದಲನೇ ಸಲ. ಆದರೆ… ಸಬ್ಬಸಿಗೆ ಸೊಪ್ಪಿನ ವಾಸನೆ. ಪೈಪಿಗೆ ಸಾರು ಹುಯ್ದಿದ್ದರೆ ಈಗಲೇ ಹೇಳಿ. ಶ್ವಾಸಕೋಶಕ್ಕೆ ಇಳಿದರೆ ಉಳಿಯಲ್ಲ."

"ನನ್ನನ್ನ ಐಸಿಯು ಬಾಗಿಲು ದಾಟೋಕೆ ಯಾವತ್ತು ಬಿಟ್ಟಿದೀರಿ, ಸಿಸ್ಟರ್?" ಅಂದಳು ಸಾಂಡಾ.

ಹಾಗೆ ಶುರುವಾಯಿತು. ದಿನಾ ರಾತ್ರಿ ಒಂದು ತಟ್ಟೆ. ದಿನಾ ಅದೇ ಸದ್ದು. ದೊಡ್ಡಮ್ಮನ ಹೊಟ್ಟೆ ಒಪ್ಪಿಕೊಳ್ಳತೊಡಗಿತು. ಇಪ್ಪತ್ತೈದನೇ ರಾತ್ರಿ ಕಣ್ಣು ಬಿಟ್ಟಳಂತೆ. ಒಂದು ದಿನ ಹಿಮ ಬಿದ್ದು ಬಸ್ಸು ನಿಂತು, ನಾವು ಪಟ್ಟಣದಲ್ಲೇ ಉಳಿದೆವು. ತಟ್ಟೆ ತಪ್ಪಿತು. ಆ ರಾತ್ರಿ ಪೈಪಿಗೆ ಕೊಟ್ಟದ್ದು ಪೂರಾ ವಾಪಸ್ ಬಂತು. ಮರುದಿನ ಸಾಂಡಾ ಎರಡು ತಟ್ಟೆ ಕೊಟ್ಟಳು.

ಒಂದು ರಾತ್ರಿ ಟಿಂಕಾಜ್ಜಿ ಬಾಯಿ ಒರೆಸಿಕೊಂಡು ಮೆಲ್ಲಗೆ ಕೇಳಿದಳು. "ಇವತ್ತಿಗೆ ಮೂವತ್ತಾರು. ಲೆಕ್ಕ ಇಟ್ಟಿದೀಯೇನೇ?"

ಸಾಂಡಾ ಮುಖ ಬಿಳುಚಿತು. ನಮ್ಮಲ್ಲಿ ಎಡೆ ನಲವತ್ತು ದಿನ. ನಲವತ್ತನೇ ತಟ್ಟೆ ಉಂಡ ಜೀವ ಮತ್ತೆ ಈ ಕಡೆ ಇರೋದಿಲ್ಲ, ಹೊರಟುಬಿಡುತ್ತೆ. ಹುಟ್ಟಿದಾಗಿನಿಂದ ಗೊತ್ತಿರೋ ವಿಷಯ. ಆ ಮೊದಲ ರಾತ್ರಿ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ನಲವತ್ತನೇ ದಿನ ಅವಳು ಒಲೆ ಹಚ್ಚಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ.

ಮಧ್ಯಾಹ್ನ ಒಟೀಲಿಯಾ ಫೋನ್ ಮಾಡಿದಳು. ಎಲ್ಲ ವಾಪಸ್ ಬರ್ತಿದೆ, ಬಿಪಿ ಇಳೀತಿದೆ. ಸಂಜೆ ಮತ್ತೆ ಮಾಡಿದಳು. "ಪ್ರಜ್ಞೆ ಇಲ್ಲ. ಆದರೆ… ಬಾಯಿ ಆಡಿಸ್ತಿದಾರೆ. ಅಗಿಯೋ ಹಾಗೆ. ನನಗೆ ನೋಡೋಕಾಗ್ತಿಲ್ಲ."

ಸಾಂಡಾ ಅಡುಗೆಮನೆಯಲ್ಲಿ ಗೋಡೆಯಿಂದ ಗೋಡೆಗೆ ನಡೆದಳು. ಒಂಬತ್ತಕ್ಕೆ ಕೋಳಿ ಬೇಯೋಕಿಟ್ಟಳು. ಸಾರು, ಮೆಕ್ಕೆಜೋಳದ ಮುದ್ದೆ, ಗಿಣ್ಣು, ಅನ್ನ-ಮಾಂಸ ತುಂಬಿದ ಕೋಸಿನೆಲೆಯ ಸುರುಳಿ. ಹಬ್ಬಕ್ಕೂ ಅಷ್ಟು ಮಾಡಿದವಳಲ್ಲ.

ನಾನು ಬಾಗಿಲಿಗೆ ಅಡ್ಡ ನಿಂತೆ. "ಕೊಟ್ಟರೆ ಹೋಗ್ತಾಳೆ, ಅಕ್ಕ."

"ಕೊಡದಿದ್ರೂ ಹೋಗ್ತಾಳೆ. ಹಸ್ಕೊಂಡು ಹೋಗ್ತಾಳೆ. ದಾರಿ ಬಿಡು."

ಬಿಟ್ಟೆ.

ಆ ರಾತ್ರಿ ಟಿಂಕಾಜ್ಜಿ ನಿಧಾನಕ್ಕೆ, ತಟ್ಟೆ ಬಳಿದು ಉಂಡಳು. ಒಲೆ ಹಿಂದೆ ಹುಸ್ಸ್… ಟಪ್. ಹುಸ್ಸ್… ಟಪ್. ಸಾಂಡಾ ಆ ಕತ್ತಲ ಕಡೆಗೇ ಮುಖ ಮಾಡಿ ಕೂತಿದ್ದಳು. "ಇನ್ನೊಂದು ತುತ್ತು ಅಮ್ಮ," ಅಂದಳು. ಮಕ್ಕಳಿಗೆ ಹೇಳೋ ಹಾಗೆ.

ಕೊನೇ ಚಮಚ. ಠಣ್…

ಹುಸ್ಸ್…

ಕಾದೆವು. ಟಪ್ ಬರಲಿಲ್ಲ.

ಹನ್ನೊಂದು ಇಪ್ಪತ್ತಕ್ಕೆ ಆಸ್ಪತ್ರೆಯಿಂದ ಫೋನ್ ಬಂತು.

ಬೆಳಿಗ್ಗೆ ಶವಾಗಾರಕ್ಕೆ ಹೋದೆವು. ತನ್ನ ಮಣ್ಣಿಗೆ ಅಂತ ದೊಡ್ಡಮ್ಮ ತಾನೇ ಹೊಲಿದಿಟ್ಟುಕೊಂಡಿದ್ದ ರವಿಕೆ ತಗೊಂಡು. ಐವತ್ತೊಂದು ದಿನ ಐಸಿಯುನಲ್ಲಿ ಮಲಗಿದ ಮುದುಕಿ, ಮೂಳೆ ಚಕ್ಕಳ ಆಗಿರಬೇಕು ತಾನೇ? ಬೆನ್ನಿನ ಗುಂಡಿ ಕೂಡಲಿಲ್ಲ. ಎರಡು ಅಂಚಿನ ನಡುವೆ ಒಂದು ಗೇಣು. ನೀರು ತುಂಬಿ ಬಾತಿರಬೇಕು ಅಂತ ಶವಾಗಾರದವನು ತೋಳಿಗೆ ಹೆಬ್ಬೆರಳು ಒತ್ತಿ ನೋಡಿದ. ಗುಳಿ ಬೀಳಲಿಲ್ಲ. "ನೀರಲ್ಲ, ಮಾಂಸ," ಅಂದ.

ಮೈ ಹಿಡೀಲಿ ಅಂತ ರವಿಕೆಯನ್ನ ಕಂಕುಳಿಂದ ಸೊಂಟದವರೆಗೆ ಕತ್ತರಿಸಿದವನು ನಾನೇ. ಯಾರೋ ಹೇಳಿದ್ದಲ್ಲ. ಕತ್ತರಿಸಿದ ಮೇಲೂ… ತೋಳು ಬಿಗಿಯಾಗೇ ಇತ್ತು.