ಅವ್ವನ ಗಲ್ಲದ ಹಚ್ಚೆ ಬೊಟ್ಟು

ಎಪ್ಪತ್ತೆಂಟರ ಬೇಸಿಗೆ. ಕೆರೂರು ಬಸ್ ನಿಲ್ದಾಣದಲ್ಲಿ ಅಕ್ಕತಂಗಿಯರಿಬ್ಬರು ತಂಗಿಯ ಕೂಸಿನೊಂದಿಗೆ ನನ್ನ ಪಕ್ಕ ಕೂತು, ಸ್ಟುಡಿಯೋದಿಂದ ತಂದ ದೊಡ್ಡ ಫೋಟೋ ಬಿಚ್ಚಿದರು.

“ಅಕ್ಕಾ, ನೀ ಹೇಳತಿದ್ದ ಹಚ್ಚಿ ಬೊಟ್ಟು ಅವ್ವನ ಗಲ್ಲದ ಮ್ಯಾಲೆ ಕಾಣವಲ್ದಲ್ಲ?”

“ಸಣ್ಣ ಫೋಟೋದಾಗ ಅಳಿಸಿ ಹೋದದ್ದು, ದೊಡ್ಡದು ಮಾಡಿದ್ರ ಬರೂದಿಲ್ಲಂತ. ನೆಗೆಟಿವ್ ಇದ್ರ ಬರ್ತಿತ್ತಂತ.”

“ಪೆನ್ಸಿಲ್‌ಲೆ ತಿದ್ದತೇನಿ ಅಂದನಲ್ಲ ಸ್ಟುಡಿಯೋದಾಂವ?”

“ಯಾವ ಗಲ್ಲ ಅಂತ ಕೇಳಿದ. ನನಗ ನೆನಪಾಗ್ಲಿಲ್ಲ.”

“ನಾ ಅಂತೂ ಅವ್ವನ್ನ ನೋಡೇ ಇಲ್ಲ.”

ಅಕ್ಕ ಫೋಟೋ ಪಕ್ಕಕ್ಕಿಟ್ಟಳು.

“ಅವ್ವನ ಎಡ ಬಗಲಾಗ ಕುಂತು ನಾ ಅದನ್ನ ಮುಟ್ಟತಿದ್ದೆ. ನಿನ್ನ ಕೂಸಿನ್ನ ಕೊಡಿಲ್ಲಿ.”

ಎಡ ಬಗಲಿಗೆ ಎತ್ತಿಕೊಂಡಳು. ಕೂಸಿನ ಕೈ ಅವಳ ಗಲ್ಲಕ್ಕೆ ಹೋಯಿತು.

“ಎಡಗಲ್ಲ! ಇಲ್ಲೇ ಇತ್ತು.”

ಬಾಗಲಕೋಟೆ ಬಸ್ ಬಂತು.

“ಅಕ್ಕಾ, ನಾನೂ ಒಮ್ಮೆ ಮುಟ್ಲೇನ?” ಎನ್ನುತ್ತ ತಂಗಿ ಅವಳ ಹಿಂದೆಯೇ ಹತ್ತಿದಳು.